ಹೈದರ್ ತಂದ ಗಟ್ಟಿ ಸೀಸ

ಡೊಂಬಯ್ಯ ಕೀಲಿ ತಿರುಗಿಸಿದ. ಎಂಜಿನ್ನಿನ ಒಳಗೆ ಎಲ್ಲೋ ಟಕ್ ಎಂದು ಸಣ್ಣ ಸದ್ದಾಯಿತು. ಅಷ್ಟೇ. ಇನ್ನೊಮ್ಮೆ ತಿರುಗಿಸಿದರೆ ಅದೂ ಇಲ್ಲ.

ಸುಬ್ರಹ್ಮಣ್ಯದಲ್ಲಿ ಬೆಳಗಿನ ಆರು ಗಂಟೆ. ಸೇವೆ ಮುಗಿಸಿ ಲಾಡ್ಜಿನಲ್ಲಿ ಉಳಿದಿದ್ದ ಯಾತ್ರಿಕರು ಪ್ರಸಾದದ ಕಟ್ಟು ಮಡಿಲಲ್ಲಿಟ್ಟುಕೊಂಡು ಸೀಟು ಹಿಡಿದಾಗಿತ್ತು. ಕಂಡಕ್ಟರ್ ಗಂಡಸರನ್ನೆಲ್ಲ ಇಳಿಸಿ ಬಸ್ಸು ದೂಡಿಸಿದ. ನೂರು ಮಾರು ದೂಡಿದ ಮೇಲೆ ಎಂಜಿನ್ ಕೆಮ್ಮಿ ಎದ್ದಿತು. ತಿಂಗಳಲ್ಲಿ ಇದು ಮೂರನೇ ಸಲ. ಹಾಕಿದ್ದು ಎರಡು ತಿಂಗಳ ಹಿಂದಷ್ಟೇ ಹೊಸ ಪ್ಲೇಟು ಕೂರಿಸಿದ ಬ್ಯಾಟರಿ.

ಬಸ್ಸು ಪೆರಾಬೆಯ ಸಂಕಪ್ಪ ರೈಗಳದ್ದು. ಅಡಿಕೆ ತೋಟದ ಜೊತೆಗೆ ಎರಡು ಬಸ್ಸು ಓಡಿಸುತ್ತಿದ್ದ ಅವರಿಗೆ ಬಸ್ಸಿನ ಮೇಲೆ ಮಮತೆ ಹೆಚ್ಚು, ಬಸ್ಸಿನವರ ಮೇಲೆ ನಂಬಿಕೆ ಕಡಿಮೆ. ಅಂದು ಆಲಂಕಾರಿನಲ್ಲಿ ಅವರು ರಸ್ತೆಗೇ ಬಂದು ಬಸ್ಸು ಹತ್ತಿದರು. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಎಲ್ಲರಿಗೂ ಕೇಳುವ ಹಾಗೆ ತುಳುವಿನಲ್ಲಿ ಕೇಳಿದರು:

"ಬ್ಯಾಟರಿಯನ್ನು ರಾತ್ರಿ ಯಾರಿಗೆ ಕೊಡುದು ನೀನು?"

"ಯಾರಿಗೂ ಇಲ್ಲ ದಣಿ. ನಾನು ಬಸ್ಸಿನಲ್ಲೇ ಮಲಗುದು."

"ಈಗ ಊರೂರಲ್ಲಿ ಯಕ್ಷಗಾನದ ಆಟ, ಭಜನೆ. ಮೈಕಿನವರಿಗೆ ರಾತ್ರಿಗೆ ಒಂದು ಬ್ಯಾಟರಿ ಸಿಕ್ಕಿದರೆ ಬೇಡ ಅಂತಾರಾ? ನಾನು ಕಣ್ಣು ಮುಚ್ಚಿ ಕೂತವನಲ್ಲ, ಗೊತ್ತಿರಲಿ."

ಹದಿನಾಲ್ಕು ವರ್ಷದಿಂದ ಆ ಬಸ್ಸಿನ ಸ್ಟೇರಿಂಗ್ ಹಿಡಿದಿದ್ದ ಡೊಂಬಯ್ಯ ಗೇರು ಬದಲಿಸಿದ. ಮರುದಿನ ರೈಗಳು ಬ್ಯಾಟರಿ ಪೆಟ್ಟಿಗೆಗೆ ಬೀಗ ಜಡಿದು ಬೀಗದ ಕೈಯನ್ನು ತಮ್ಮ ಸೊಂಟದಲ್ಲಿ ಸಿಕ್ಕಿಸಿಕೊಂಡರು. ನಾಲ್ಕು ದಿನ ಬಿಟ್ಟು ಬಸ್ಸು ಮತ್ತೆ ಸುಬ್ರಹ್ಮಣ್ಯದಲ್ಲಿ ನಿಂತಿತು. ಬೀಗ ಹಾಗೇ ಇತ್ತು. ಬೀಗಕ್ಕೆ ಇನ್ನೊಂದು ಕೈ ಮಾಡಿಸಿದ್ದಾನೆ ಎಂದು ರೈಗಳು ತೀರ್ಮಾನಿಸಿದರು. "ಸ್ವಲ್ಪ ದಿನ ಮನೆಯಲ್ಲಿ ಕೂತುಕೋ" ಎಂದು ಡೊಂಬಯ್ಯನಿಗೆ ಹೇಳಿ, ಬ್ಯಾಟರಿಯನ್ನು ಬಿಚ್ಚಿಸಿ ಪುತ್ತೂರಿಗೆ ಕಳಿಸಿದರು.

ಆ ಬ್ಯಾಟರಿ ಕಟ್ಟಿದವನು ಅಲಿ ಕುಂಞಿ. ಅಲ್ಲಿಯ ದರ್ಬೆಯ ರಸ್ತೆ ಬದಿಯಲ್ಲಿ ಅವನದೊಂದು ತಗಡಿನ ಅಂಗಡಿ. ಮಂಗಳೂರಿನಲ್ಲಿ ಒಬ್ಬರ ಕೈಕೆಳಗೆ ಎಂಟು ವರ್ಷ ಕಲಿತು, ಪುತ್ತೂರಿಗೆ ಬಂದು ತಾನೇ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಜಾಲರಿ ಮಾಡಿ, ಅದಕ್ಕೆ ಸೀಸದ ಪುಡಿಯ ಹಿಟ್ಟು ಮೆತ್ತಿ ಪ್ಲೇಟು ತಯಾರಿಸುತ್ತಿದ್ದ. ಕಂಪನಿ ಬ್ಯಾಟರಿ ಕೊಳ್ಳಲಾಗದ ಜೀಪಿನವರು, ಲಾರಿಯವರು ಹಳೆಯ ಪೆಟ್ಟಿಗೆಯನ್ನೇ ತಂದು ಒಳಗಿನದ್ದನ್ನು ಅವನಿಂದ ಹೊಸದು ಮಾಡಿಸಿಕೊಳ್ಳುತ್ತಿದ್ದರು. "ಅಲಿಕುಂಞಿ ಕಟ್ಟಿದ ಬ್ಯಾಟರಿ ಎರಡು ಮಳೆಗಾಲ ಗ್ಯಾರಂಟಿ" ಎಂಬ ಮಾತು ಕಡಬದ ತನಕ ಇತ್ತು.

1979ರ ಡಿಸೆಂಬರಿನಲ್ಲಿ ಆ ಮಾತು ಕೆಟ್ಟಿತು. ರೈಗಳ ಬ್ಯಾಟರಿ ಬಂದ ವಾರದಲ್ಲೇ ಆಲಂಕಾರಿನ ಒಂದು ಜೀಪು, ಸುಳ್ಯದ ಒಂದು ಲಾರಿ, ಎರಡರ ದೂರೂ ಬಂತು. ಮೂರು ದಿನಕ್ಕೊಮ್ಮೆ ನೀರು ಹೊಯ್ಯಬೇಕು, ಒಂದು ರಾತ್ರಿ ನಿಲ್ಲಿಸಿದರೆ ಸೆಲ್ಫ್ ಹೊಡೆಯುವುದಿಲ್ಲ. ಲಾರಿಯವನು ಅಂಗಡಿಯ ಮುಂದೆ ನಿಂತು, "ಹಾಳಾಗುವ ಹಾಗೆ ಕಟ್ಟಿದರೆ ತಾನೇ ನಾವು ತಿರುಗಿ ಬರುದು? ಒಳ್ಳೆ ವ್ಯಾಪಾರ ಮಾರಾಯ್ರೆ ನಿಮ್ಮದು" ಎಂದ. ಎದುರಿನ ಸೈಕಲ್ ಅಂಗಡಿಯವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಅಲಿ ಕುಂಞಿ ರೈಗಳ ಬ್ಯಾಟರಿಗೆ ಪೂರ್ತಿ ಚಾರ್ಜ್ ಕೊಟ್ಟು, ಒಂದು ತಂತಿಯನ್ನೂ ಸೇರಿಸದೆ ಬೆಂಚಿನ ಮೇಲೆ ಇಟ್ಟ. ಹೈಡ್ರೋಮೀಟರ್ ಅದ್ದಿ ಆಸಿಡಿನ ಸಾಂದ್ರತೆಯ ಅಂಕೆಯನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದುಕೊಂಡ; ಚಾರ್ಜ್ ಇಳಿದರೆ ಅದೂ ಇಳಿಯುತ್ತದೆ. ಮರುದಿನ ಬಂದು ನೋಡಿದರೆ ಅಂಕೆ ಇಳಿದಿತ್ತು. ಅದರ ಮರುದಿನ ಇನ್ನೂ ಇಳಿಯಿತು. ಬೆಂಚಿನಿಂದ ಮೈಕಿನವರು ಕದ್ದಿರಲಿಲ್ಲ. ಡೊಂಬಯ್ಯನೂ ಅಲ್ಲ. ಕಳ್ಳ ಪೆಟ್ಟಿಗೆಯ ಒಳಗೇ ಇದ್ದ.

ಅದನ್ನು ಅವನು ಅಂದೇ ಪೆರಾಬೆಗೆ ಹೋಗಿ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ ತಪ್ಪು ತನ್ನದೆಂದು ತಾನೇ ಒಪ್ಪಿದ ಹಾಗೆ. ಮೊದಲು ಕಾರಣ ತಿಳಿಯಲಿ, ಆಮೇಲೆ ಹೇಳುವಾ ಎಂದುಕೊಂಡ. ಮನೆಯಲ್ಲಿ ಹೆಂಡತಿ ನೆಬೀಸ, "ಡೊಂಬಯಣ್ಣನನ್ನು ಬಸ್ಸಿನಿಂದ ಇಳಿಸಿದ್ರಂತೆ, ಹೌದಾ?" ಎಂದು ಕೇಳಿದಾಗ, "ಅದು ಅವರ ಬಸ್ಸಿನ ವಿಷಯ" ಎಂದು ಊಟದ ಬಟ್ಟಲು ದೂಡಿ ಎದ್ದ.

ಮೂರನೆಯ ದಿನ ಬ್ಯಾಟರಿಯ ಮುಚ್ಚಳದ ಡಾಂಬರನ್ನು ಕಾಯಿಸಿ ತೆಗೆದು ಒಳಗಿನ ಪ್ಲೇಟುಗಳನ್ನು ಎಳೆದ. ಒಂದೂ ಉದುರಿರಲಿಲ್ಲ. ಜಾಲರಿಯ ಮೂಲೆ ಮೂಲೆಯೂ ಚೂರಿಯಲ್ಲಿ ಕೆತ್ತಿದಷ್ಟು ಚೊಕ್ಕ. ಎರಕ ಹೊಯ್ದ ದಿನ ಅವನಿಗೆ ಖುಷಿಯಾದದ್ದೂ ಅದಕ್ಕೇ, ಸೀಸ ಅಚ್ಚಿನ ತುದಿತುದಿಗೂ ತಾನಾಗಿ ಹರಿದು ತುಂಬಿತ್ತು. ಈಗ ಒಂದು ಪ್ಲೇಟಿನಿಂದ ಮೇಲೆ ಚಾಚಿದ ಕಿವಿಯನ್ನು ಇಕ್ಕುಳದಲ್ಲಿ ಹಿಡಿದು ಬಗ್ಗಿಸಿದ. ಬಗ್ಗಬೇಕಾದ ಸೀಸ ಟಪ್ಪನೆ ಮುರಿಯಿತು. ಮುರಿದ ಜಾಗದಲ್ಲಿ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಹೊಳಪು.

ಆ ಸೀಸ ತಂದುಕೊಟ್ಟವನು ಗುಜರಿಯ ಹೈದರ್. ಸೈಕಲಿನಲ್ಲಿ ಮನೆಮನೆಗೆ ಹೋಗಿ ಹಳೆಯ ಕಬ್ಬಿಣ, ತಾಮ್ರ, ಸೀಸ ತೆಗೆದುಕೊಂಡು ಬದಲಿಗೆ ಸ್ಟೀಲ್ ಪಾತ್ರೆ ಕೊಡುವುದು ಅವನ ಕಸುಬು. ಅಕ್ಟೋಬರಿನಲ್ಲಿ ಐವತ್ತು ಕಿಲೋದಷ್ಟು ಸೀಸವನ್ನು ಬಾಣಲೆಯಲ್ಲಿ ಕರಗಿಸಿ ಇಟ್ಟಿಗೆ ಮಾಡಿ ತಂದು, "ಹಳೆ ಬ್ಯಾಟರಿಯದ್ದು, ಒಂದೇ ಜಾತಿ" ಎಂದಿದ್ದ. ಈಗ ಅಲಿ ಕುಂಞಿ ಅದರ ಮಾತು ಎತ್ತಿದ ಕೂಡಲೇ ಅವನು ಸೈಕಲಿನ ಸ್ಟ್ಯಾಂಡ್ ತೆಗೆದ.

"ಬ್ಯಾಟರಿಯದ್ದೇ. ಸುಳ್ಳು ಹೇಳಿ ನನಗೆಂತ ಸಿಗ್ತದೆ?"

"ಎಲ್ಲಿಯ ಬ್ಯಾಟರಿ?"

"ಅಲ್ಲಿ ಇಲ್ಲಿ. ನೆನಪುಂಟಾ ಅದೆಲ್ಲ?" ಹೈದರ್ ಅವನ ಮುಖ ನೋಡದೆ ಪೆಡಲ್ ತುಳಿದ.

ಅಲಿ ಕುಂಞಿಗೆ ಆಗಲೇ ಸಂಶಯ ಬಲಿಯಿತು. ಉಳಿದಿದ್ದ ಒಂದು ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇದಪ್ಪ ಗೌಡರ ಬಳಿ ಹೋದ. ಗೌಡರು ಸುಳ್ಯದ ಕಡೆಯವರು, ಅವರ ಹಳೆಯ ಕಾರಿನ ಬ್ಯಾಟರಿ ನೋಡಿಕೊಳ್ಳುತ್ತಿದ್ದವನು ಇವನೇ.

ಗೌಡರು ಇಟ್ಟಿಗೆಯ ಒಂದು ಮೂಲೆಗೆ ಸುತ್ತಿಗೆ ಹೊಡೆದರು. ಚೂರು ಹಾರಿ ಮೇಜಿನ ಕೆಳಗೆ ಬಿತ್ತು.

"ಇದರಲ್ಲಿ ಆಂಟಿಮನಿ ಜಾಸ್ತಿ ಆಗಿದೆ ಅಲಿಕುಂಞಿ. ಬ್ಯಾಟರಿಗೆ ನೀವು ಹಾಕುದಿಲ್ವಾ ಆಂಟಿಮನಿ?"

"ಹಳೇ ಪ್ಲೇಟಿನಲ್ಲಿ ಇರ್ತದಲ್ಲ ಮೇಷ್ಟ್ರೇ, ಅದೇ ಸಾಕಾಗ್ತದೆ. ಅದಿಲ್ಲದಿದ್ರೆ ಜಾಲರಿ ಮೇಣದ ಹಾಗೆ ಮೆತ್ತಗೆ, ನಿಲ್ಲುದಿಲ್ಲ. ಗಟ್ಟಿ ಆದಷ್ಟು ಒಳ್ಳೇದು ಅಂತ ಗ್ರಹಿಸಿದ್ದೆ."

"ನೂರಕ್ಕೆ ಐದಾರು ಪಾಲು ಇದ್ದರೆ ಒಳ್ಳೇದು. ಇಪ್ಪತ್ತಾದ್ರೆ ಅದೇ ವೈರಿ. ಚಾರ್ಜ್ ಕೊಡುವಾಗ ಒಂದು ಪ್ಲೇಟಿನಿಂದ ಕರಗಿ ಇನ್ನೊಂದರ ಮೇಲೆ ಹೋಗಿ ಕೂತ್ಕೊಳ್ತದೆ. ಆಮೇಲೆ ಸುಮ್ಮನಿದ್ದರೂ ಚಾರ್ಜ್ ಇಳೀತಾ ಹೋಗ್ತದೆ, ನೀರು ಗುಳ್ಳೆಯಾಗಿ ಹಾರಿ ಹೋಗ್ತದೆ. ಹಾಗೇ ಆಗ್ತಾ ಉಂಟಾ?"

"ಅದೇ ಆಗ್ತಾ ಇರುದು!"

ಗೌಡರು ಕಪಾಟಿನಿಂದ ಎರಡು ಬಾಟಲಿ ತೆಗೆದರು. ಒಂದರಲ್ಲಿ ಬೆಳ್ಳಿಯ ಬಣ್ಣದ ಆಂಟಿಮನಿಯ ತುಂಡು. ಅದನ್ನು ಕಲ್ಲಿನ ಒರಳಿಗೆ ಹಾಕಿ ಒತ್ತಿದಾಗ ಉಪ್ಪಿನ ಹಾಗೆ ಪುಡಿಯಾಯಿತು. ಲೋಹವೊಂದು ಹಾಗೆ ಪುಡಿಯಾಗುವುದನ್ನು ಅಲಿ ಕುಂಞಿ ಹಿಂದೆ ಕಂಡಿರಲಿಲ್ಲ. ಇನ್ನೊಂದರಲ್ಲಿ ಬೂದು ಬಣ್ಣದ ಕಲ್ಲು, ಮೈತುಂಬ ಸೂಜಿ ಸೂಜಿ.

"ಇದು ಅದಿರು. ಗಂಧಕದ ಜೊತೆ ಸೇರಿ ಭೂಮಿಯಲ್ಲಿ ಸಿಗುದು ಹೀಗೆ. ಚೀನಾದಲ್ಲಿ ಬೇಕಾದಷ್ಟು ಉಂಟು. ನಮ್ಮಲ್ಲಿ ಹಿಮಾಲಯದ ಲಾಹುಲ್ ಕಡೆ ಸ್ವಲ್ಪ ಉಂಟಂತೆ, ಹಿಮದ ಮಧ್ಯದಿಂದ ತರುದು ಯಾರು? ಹೊರಗಿನಿಂದಲೇ ತರಿಸಿ ಬೊಂಬಾಯಿಯಲ್ಲಿ ಕರಗಿಸ್ತಾರೆ. ಇದನ್ನು ನುಣ್ಣಗೆ ಅರೆದದ್ದೇ ಹಿಂದಿನ ಕಾಲದ ಸುರ್ಮಾ."

"ಹಾಗಾದ್ರೆ ಹಬ್ಬದಲ್ಲಿ ನಾನು ಕಣ್ಣಿಗೆ ಹಾಕುದೂ ಇದನ್ನೇ?"

"ಈಗ ಅಂಗಡಿಯಲ್ಲಿ ಸಿಗುದರಲ್ಲಿ ಹೆಚ್ಚಿನದ್ದು ಸೀಸದ ಕಲ್ಲಿನ ಪುಡಿ. ಅದನ್ನು ಹಾಕ್ಬೇಡಿ ಮಾರಾಯ್ರೆ, ಮಕ್ಕಳಿಗಂತೂ ಬೇಡವೇ ಬೇಡ." ಗೌಡರಿಗೆ ಮಾತಿನ ಹುರುಪು ಬಂದಿತ್ತು. "ಬಂದೂಕಿನ ಗುಂಡು ಗಟ್ಟಿ ಆಗುದು ಇದರಿಂದ. ಬೆಂಕಿಕಡ್ಡಿಯ ಮದ್ದಿಗೆ, ಪಟಾಕಿಗೆ ಇದರ ಗಂಧಕ ಸೇರಿದ ಪುಡಿ ಬೇಕು. ಎನಾಮಲ್ ತಟ್ಟೆಗೆ ಬಿಳಿ ಹೊಳಪು ಕೊಡ್ಲಿಕ್ಕೆ ಇದರ ಭಸ್ಮ. ಇರಲಿ, ಇದನ್ನು ಬಿಟ್ಟು ಹೋಗಿ. ಇದು ಎಲ್ಲಿಯ ಮಾಲು ಅಂತ ನೋಡುವಾ."

ಐದು ದಿನದ ಮೇಲೆ ಅವರು ಹೇಳಿ ಕಳಿಸಿದರು. ಸೀಸವನ್ನು ಆಸಿಡಿನಲ್ಲಿ ಕರಗಿಸಿದಾಗ ತಳದಲ್ಲಿ ಬಿಳಿಯ ಪುಡಿ ಉಳಿದಿತ್ತು. ಅದರಲ್ಲಿ ಆಂಟಿಮನಿಯ ಜೊತೆಗೆ ತವರವೂ ಸಿಕ್ಕಿತ್ತು.

"ಬ್ಯಾಟರಿ ಪ್ಲೇಟಿನಲ್ಲಿ ಇಷ್ಟೊಂದು ತವರ ಇರುದಿಲ್ಲ" ಎಂದರು ಗೌಡರು. "ಬೆಸುಗೆಯ ಸೀಸದಲ್ಲಿ ತವರ ಉಂಟು, ಆಂಟಿಮನಿ ಇಲ್ಲ. ಎಂಜಿನ್ನಿನ ಬೇರಿಂಗಿನದ್ದಾದ್ರೆ ತಾಮ್ರ ಇರ್ಬೇಕು, ಇದರಲ್ಲಿ ತಾಮ್ರದ ನೀಲಿ ಬರ್ಲೇ ಇಲ್ಲ. ಮತ್ತೆ ಉಳಿದದ್ದು ಒಂದೇ. ಪ್ರೆಸ್ಸಿನ ಅಚ್ಚಿನ ಮೊಳೆ. ಆಂಟಿಮನಿ ಸೇರಿದ ಸೀಸ ಆರುವಾಗ ಕುಗ್ಗುದಿಲ್ಲ, ಅದಕ್ಕೇ ಅಕ್ಷರದ ಅಂಚು ಅಷ್ಟು ಚೊಕ್ಕ ಬರುದು. ಯಾರೋ ಅಕ್ಷರ ಕರಗಿಸಿ ನಿಮಗೆ ಕೊಟ್ಟಿದ್ದಾರೆ."

ಅಲಿ ಕುಂಞಿ ಇಟ್ಟಿಗೆಯ ಉಳಿದ ತುಂಡನ್ನು ಎತ್ತಿಕೊಂಡು ಹೊರಟ. ಪುತ್ತೂರಿನಲ್ಲಿ ಆಗ ಪ್ರೆಸ್ಸುಗಳಿದ್ದದ್ದು ಬೆರಳೆಣಿಕೆಯಷ್ಟು. ಮೊಳೆ ಕಳವಾದದ್ದು ಒಂದು ಕಡೆ, ಅದು ಊರಿಗೆಲ್ಲ ಗೊತ್ತು. ಉದಯಶಂಕರ ಶೆಟ್ಟರ ಪ್ರೆಸ್ಸಿನಲ್ಲಿ ದೀಪಾವಳಿ ಕಳೆದು ಮದುವೆ ಕಾಗದಗಳ ಕೆಲಸ ಶುರುವಾದಾಗ, ಒಂದು ಸಲವೂ ಬಳಸದೆ ಇಟ್ಟಿದ್ದ ದೊಡ್ಡ ಅಕ್ಷರದ ಪೂರ್ತಿ ಸೆಟ್ಟೇ ಕಾಣೆಯಾಗಿತ್ತು. ಶೆಟ್ಟರು ಮೊಳೆ ಜೋಡಿಸುವ ಹುಡುಗಿಯನ್ನು ಕೆಲಸದಿಂದ ತೆಗೆದಿದ್ದರು. ಅವಳು ವಾರಿಜಾಕ್ಷಿ, ಡೊಂಬಯ್ಯನ ಮಗಳು.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದಕ್ಕೊಂದು ಸೇರುತ್ತ ಹೋಯಿತು. ಮಗಳು ಪ್ರೆಸ್ಸಿನಲ್ಲಿ. ಹೈದರನ ಮನೆ ಡೊಂಬಯ್ಯನ ಮನೆಯಿಂದ ಮೂರು ಗದ್ದೆ ಆಚೆ. ಹೈದರನನ್ನು ತನಗೆ ಪರಿಚಯ ಮಾಡಿಸಿದವನೂ ಡೊಂಬಯ್ಯನೇ. ಅಯ್ಯೋ ಪಾಪ ಎಂದು ತಾನು ಮರುಗುತ್ತಿದ್ದ ಮನುಷ್ಯ ತನ್ನನ್ನೇ ಕದ್ದ ಮಾಲಿನಲ್ಲಿ ಸಿಕ್ಕಿಸಿದನೇ? ಪೊಲೀಸರು ಬಂದರೆ ಮೊದಲು ಹುಡುಕುವುದು ಯಾರನ್ನು? ಐವತ್ತು ಕಿಲೋ ಅಕ್ಷರ ತನ್ನ ಬಾಣಲೆಯಲ್ಲಿ ಕರಗಿದೆ. ಕದ್ದವರು ಯಾರಾದರೂ ಆಗಲಿ, ಕರಗಿಸಿದವನು ಬ್ಯಾರಿ ಮುಸಲ್ಮಾನ ಎಂದು ಊರು ಹೇಳುತ್ತದೆ. ಮಾತಾಡಿದರೂ ಅಪಾಯ, ಸುಮ್ಮನಿದ್ದರೂ ಅಪಾಯ.

ಎರಡು ದಿನ ಅಂಗಡಿಯಲ್ಲಿ ಕೂತು ಬಂದವರ ಮುಖವನ್ನೆಲ್ಲ ಅಳೆದ. ಸೈಕಲ್ ಅಂಗಡಿಯವನು ಬೀಡಿಗೆ ಬೆಂಕಿ ಕೇಳಿದರೂ, ಇವನಿಗೆ ಏನಾದರೂ ಗೊತ್ತಾಗಿದೆಯೋ ಎಂದು ಅನಿಸುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ, ಇಟ್ಟಿಗೆಯ ತುಂಡನ್ನು ಕಿಸೆಗೆ ಹಾಕಿಕೊಂಡು ಪೇಟೆಯಂಚಿನಲ್ಲಿದ್ದ ಡೊಂಬಯ್ಯನ ಮನೆಗೆ ಹೋದ.

ಡೊಂಬಯ್ಯ ಜಗಲಿಯಲ್ಲಿ ಕೂತಿದ್ದ. ಖಾಕಿ ಅಂಗಿ ಒಗೆದು ಹಗ್ಗದ ಮೇಲೆ ಹಾಕಿತ್ತು. ವಾರಿಜಾಕ್ಷಿ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಇಪ್ಪತ್ತಾರು ವರ್ಷದ ಅವಳ ಬೆರಳುಗಳು ಎಲೆಯ ಮೇಲೂ ಮೊಳೆಯ ಮೇಲೆ ಓಡುವಷ್ಟೇ ಚುರುಕಾಗಿ ಓಡುತ್ತಿದ್ದವು.

"ಬನ್ನಿ ಮಾರಾಯ್ರೆ. ಬ್ಯಾಟರಿ ಎಂತ ಆಯ್ತು?" ಎಂದ ಡೊಂಬಯ್ಯ.

ಅಲಿ ಕುಂಞಿ ಕಿಸೆಗೆ ಕೈ ಹಾಕಿದ. ಸೀಸದ ತುಂಡನ್ನು ವಾರಿಜಾಕ್ಷಿಯ ಮೊರದ ಮೇಲಿಟ್ಟು ಅವಳ ಮುಖವನ್ನೇ ನೋಡುತ್ತ ನಿಂತ. ಹೆದರುತ್ತಾಳೆ ಎಂದುಕೊಂಡಿದ್ದ.

ಅವಳು ಅದನ್ನು ಎತ್ತಿ ಮುರಿದ ಕಡೆಯನ್ನು ಬೆಳಕಿಗೆ ಹಿಡಿದಳು. ಉಗುರಿನಲ್ಲಿ ಗೀರಿದಳು, ಗೆರೆ ಬೀಳಲಿಲ್ಲ. ಮೆಟ್ಟಿಲ ಕಲ್ಲಿಗೆ ತಟ್ಟಿ ಸದ್ದು ಕೇಳಿದಳು.

"ಇದು ಮೊಳೆಯ ಸೀಸ" ಎಂದಳು. "ಅದೂ ಹೊಸ ಮೊಳೆಯದ್ದು. ನಿಮಗೆ ಎಲ್ಲಿ ಸಿಕ್ಕಿತು ಅಲಿಯಣ್ಣ?"

"ಹೈದರ್ ತಂದದ್ದು."

"ಹೈದರನಿಗೆ ಯಾರು ಕೊಟ್ಟದ್ದು?"

ಅಲಿ ಕುಂಞಿ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಆ ನೋಟ ಅವಳಿಗೆ ಅರ್ಥವಾಯಿತು. ಮೊರವನ್ನು ಬದಿಗಿಟ್ಟು ಎದ್ದು ನಿಂತಳು.

"ಓಹೋ. ನಾನೇ ಕೊಟ್ಟದ್ದು ಅಂತ ನೋಡ್ಲಿಕ್ಕೆ ಬಂದದ್ದಾ ನೀವು? ನಾನು ಕದ್ದಿದ್ದರೆ ಇದು ಮೊಳೆಯದ್ದು ಅಂತ ನನ್ನ ಬಾಯಿಂದಲೇ ಹೇಳ್ತಿದ್ದೆನಾ?"

"ಹಾಗಲ್ಲ ತಂಗಿ..."

"ಹಾಗೇ. ಶೆಟ್ರು ಹಾಗೆ ನೋಡಿದ್ರು, ಊರಿನವರು ಹಾಗೆ ನೋಡಿದ್ರು, ಈಗ ನೀವು."

ಡೊಂಬಯ್ಯ ನಿಧಾನವಾಗಿ ಎದ್ದ. "ಬ್ಯಾಟರಿ ಹಾಳಾದದ್ದು ಈ ಸೀಸದಿಂದಲಾ?" ಎಂದು ಕೇಳಿದ.

"ಹೌದು."

"ನಿಮಗೆ ಯಾವಾಗ ಗೊತ್ತಾಯ್ತು?"

ಅಲಿ ಕುಂಞಿ ಸುಳ್ಳು ಹೇಳಬಹುದಿತ್ತು. "ಒಳಗಿನ ದೋಷ ಅಂತ ಗೊತ್ತಾಗಿ ಎರಡು ವಾರ ಆಯ್ತು" ಎಂದ.

"ಎರಡು ವಾರ" ಎಂದ ಡೊಂಬಯ್ಯ. ಹಗ್ಗದಿಂದ ಅಂಗಿ ಎಳೆದು ಹಾಕಿಕೊಂಡ. ಅದಿನ್ನೂ ಒದ್ದೆಯಾಗಿತ್ತು.

ಮೂವರೂ ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದು ಹೈದರನ ಮನೆಗೆ ಹೋದರು. ಅವನು ಅಂಗಳದಲ್ಲಿ ತಗಡು ಚಪ್ಪಟೆ ಮಾಡುತ್ತಿದ್ದ. ಮೊದಲು ಬ್ಯಾಟರಿಯದ್ದೇ ಎಂದ. ವಾರಿಜಾಕ್ಷಿ ಅವನೆದುರಿಗೆ ಬಂದು ನಿಂತಳು.

"ಹೈದರಣ್ಣ, ನನ್ನನ್ನು ಕಳ್ಳಿ ಅಂತ ಹೇಳಿದ್ದಾರೆ. ಅಪ್ಪನ ಕೆಲಸವೂ ಹೋಗಿದೆ. ನಾನು ಕೊಟ್ಟದ್ದಾದ್ರೆ ಇವರೆದುರು ಹೇಳಿ. ಅಲ್ಲದಿದ್ರೆ ಯಾರು ಅಂತ ಹೇಳಿ."

ಹೈದರ್ ಸುತ್ತಿಗೆ ಕೆಳಗಿಟ್ಟ. "ನೀನಲ್ಲ" ಎಂದ. "ಅವರು ಹೇಳ್ಬೇಡ ಅಂದಿದ್ರು. ಮರ್ಯಾದಸ್ತರ ಮನೆ. ಹೆಂಗಸರು ಗಂಡಸರಿಗೆ ಹೇಳದೆ ಗುಜರಿ ಕೊಟ್ಟು ಪಾತ್ರೆ ತೆಕ್ಕೊಳ್ಳುದು ಎಲ್ಲ ಮನೆಯಲ್ಲೂ ಉಂಟು, ನಾವು ಬಾಯಿ ಬಿಟ್ಟರೆ ನಾಳೆ ಯಾರೂ ನಮ್ಮನ್ನು ಅಂಗಳಕ್ಕೆ ಸೇರಿಸುದಿಲ್ಲ. ಹೋದದ್ದು ಹೊಸ ಅಕ್ಷರ ಅಂತ ಕೇಳಿದ್ದೆ, ಅವರು ಕೊಡುವಾಗ ಸವೆದದ್ದು ಅಂದಿದ್ರು. ನೀನು ಕೆಲಸ ಕಳಕೊಂಡದ್ದು ಇದಕ್ಕೇ ಅಂತ ಅಲ್ಲಾಹನಾಣೆ ನನಗೆ ಗೊತ್ತಿರ್ಲಿಲ್ಲ."

"ಯಾವ ಮನೆ?"

"ನಿಮ್ಮ ಪ್ರೆಸ್ಸಿನ ಹಿಂದಿನ ಮನೆಯೇ. ಶೆಟ್ರ ಹೆಂಡತಿ."

ಪ್ರೆಸ್ಸು ಮತ್ತು ಮನೆ ಒಂದೇ ಕಟ್ಟಡ, ಮುಂದೆ ಅಂಗಡಿ, ಹಿಂದೆ ವಾಸ. ಅವರು ನಾಲ್ವರೂ ಒಳಗೆ ಬಂದಾಗ ಉದಯಶಂಕರ ಶೆಟ್ಟರು ಯಂತ್ರ ನಿಲ್ಲಿಸಿದರು. ವಾರಿಜಾಕ್ಷಿಯನ್ನು ಕಂಡು ಅವರ ಹುಬ್ಬು ಗಂಟಾಯಿತು. ಅಲಿ ಕುಂಞಿ ಸೀಸದ ತುಂಡನ್ನು ಮೇಜಿನ ಮೇಲಿಟ್ಟು, ಬ್ಯಾಟರಿಯಿಂದ ಹಿಡಿದು ಮೇದಪ್ಪ ಗೌಡರ ತನಕ ಎಲ್ಲವನ್ನೂ ಹೇಳಿದ. ಹೈದರ್ ಕೊನೆಯ ಮಾತು ಹೇಳಿದ.

ಶೆಟ್ಟರು ನಕ್ಕುಬಿಟ್ಟರು. "ಒಳ್ಳೆ ಕತೆ ಕಟ್ಟಿದ್ದೀರಿ. ಕದ್ದವಳು ಒಬ್ಬಳು, ಮಾರಿದವ ಒಬ್ಬ, ಕರಗಿಸಿದವ ಒಬ್ಬ. ಈಗ ಎಲ್ಲ ಸೇರಿ ನನ್ನ ಹೆಂಡತಿಯ ತಲೆಗೆ ಕಟ್ಟುದಾ? ಪೊಲೀಸರನ್ನು ಕರೆಸ್ತೇನೆ, ಅವರ ಹತ್ತಿರ ಹೇಳಿ."

"ಕರೆಸಿ" ಎಂದಳು ವಾರಿಜಾಕ್ಷಿ. "ಆವತ್ತೇ ಕರೆಸಿ ಅಂತ ಹೇಳಿದ್ದೆ ನಾನು. ನೀವೇ ಬೇಡ, ಹುಡುಗಿಯ ಮಾನ ಹೋಗ್ತದೆ ಅಂದ್ರಿ."

ಒಳಬಾಗಿಲ ಪರದೆ ಅಲುಗಿತು. ಶೆಟ್ಟರ ಹೆಂಡತಿ ದಮಯಂತಿ ಅಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನಾನೇ ಕೊಟ್ಟದ್ದು" ಎಂದರು.

ಶೆಟ್ಟರು ತಿರುಗಿ ನೋಡಿದರು.

"ಆಯುಧ ಪೂಜೆಗೆ ಹಿಂದಿನ ಕೋಣೆ ಗುಡಿಸುವಾಗ ತಗಡಿನ ಡಬ್ಬಿ ಕಂಡಿತು. ಸವೆದ ಮೊಳೆ, ಬಿಸಾಡ್ಲಿಕ್ಕೆ ಇಟ್ಟದ್ದು ಅಂತ ಗ್ರಹಿಸಿದೆ. ಎರಡು ಕೊಡಪಾನ, ಒಂದು ಚೆರಿಗೆ ತೆಕ್ಕೊಂಡೆ. ಆಮೇಲೆ ನೀವು ಹೊಸ ಅಕ್ಷರ ಹೋಯ್ತು ಅಂತ ಬೊಬ್ಬೆ ಹಾಕಿದಾಗ ಗೊತ್ತಾಯ್ತು."

"ಎರಡು ತಿಂಗಳು ಬಾಯಿ ಮುಚ್ಚಿ ಕೂತೆಯಾ?"

"ಆವತ್ತೇ ಹೇಳ್ತಿದ್ದೆ. ನೀವು ಅಷ್ಟರಲ್ಲಿ ಇವಳ ಹೆಸರು ಹಿಡಿದಾಗಿತ್ತು. ನಾಳೆ ಹೇಳುವಾ ಅಂತ ಇದ್ದೆ. ಮರುದಿನ ನೀವು ಇನ್ನೂ ಜೋರಾದ್ರಿ." ದಮಯಂತಿ ವಾರಿಜಾಕ್ಷಿಯ ಕಡೆ ನೋಡಲು ಪ್ರಯತ್ನಿಸಿ, ಆಗದೆ, ನೆಲ ನೋಡಿದರು.

ಆಮೇಲೆ ಹೇಳುವಾ ಎಂದು ಅಲಿ ಕುಂಞಿಯೂ ಎಷ್ಟು ದಿನ ದೂಡಿದ್ದ. ಪಕ್ಕದಲ್ಲಿ ನಿಂತಿದ್ದ ಡೊಂಬಯ್ಯನ ಒದ್ದೆ ಅಂಗಿಯನ್ನು ಬಿಟ್ಟು ಬೇರೆಲ್ಲಾದರೂ ನೋಡಬೇಕೆನಿಸಿತು.

ಶೆಟ್ಟರು ಮೇಜಿನ ಅಂಚನ್ನು ಒರೆಸಿದರು. ಕೊನೆಗೆ, "ನಾಳೆಯಿಂದ ಕೆಲಸಕ್ಕೆ ಬಾ ವಾರಿಜ. ಆದದ್ದು ಆಯ್ತು" ಎಂದರು.

"ಬಸ್ ಸ್ಟ್ಯಾಂಡಿನ ಹೋಟ್ಲಲ್ಲಿ ಹತ್ತು ಜನರ ಎದುರು ನನ್ನನ್ನು ಕಳ್ಳಿ ಅಂದ್ರಿ" ಎಂದಳು ಅವಳು. "ಅಲ್ಲಿಯೇ, ಅದೇ ಹತ್ತು ಜನರ ಎದುರು, ಅಲ್ಲ ಅಂತ ಹೇಳಿ. ಕೆಲಸದ ಮಾತು ಆಮೇಲೆ."

ಶೆಟ್ಟರಿಗೆ ಅದು ಕಷ್ಟವಾಯಿತು. ಎರಡು ದಿನ ತೆಗೆದುಕೊಂಡರು. ಮೂರನೆಯ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಹೋಟೆಲಿನಲ್ಲಿ ಎದ್ದು ನಿಂತು, ಮೊಳೆ ಹೋದದ್ದು ಮನೆಯವರ ಕೈತಪ್ಪಿನಿಂದ, ಡೊಂಬಯ್ಯನ ಮಗಳ ಮೇಲೆ ತಾನು ಹೇಳಿದ್ದು ಸುಳ್ಳು ಎಂದು ಎರಡೇ ವಾಕ್ಯದಲ್ಲಿ ಹೇಳಿ, ಕಾಫಿ ಅರ್ಧಕ್ಕೆ ಬಿಟ್ಟು ಹೋದರು. ಕೆಲವರು ಕೇಳಿಸಿಕೊಂಡರು. ಕೆಲವರು, ಹೆಂಡತಿಯ ಹೆಸರು ಯಾಕೆ ತಂದರು, ಒಳಗೆ ಬೇರೆ ಏನೋ ಇದೆ ಎಂದರು. ವಾರಿಜಾಕ್ಷಿ ಆ ಪ್ರೆಸ್ಸಿಗೆ ಹಿಂತಿರುಗಲಿಲ್ಲ. ಸುಳ್ಯದಲ್ಲಿ ಹೊಸದಾಗಿ ಶುರುವಾದ ಒಂದು ಪ್ರೆಸ್ಸಿಗೆ ಸೇರಿ, ಅಲ್ಲೇ ಸಂಬಂಧಿಕರ ಮನೆಯಲ್ಲಿ ಉಳಿದಳು.

ಅಲಿ ಕುಂಞಿ ಪೆರಾಬೆಗೆ ಹೋಗಿ ಸಂಕಪ್ಪ ರೈಗಳ ಅಂಗಳದಲ್ಲಿ ನಿಂತು ತನ್ನ ತಪ್ಪು ಹೇಳಿಕೊಂಡ. ರೈಗಳು ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿದರು.

"ನೀನು ಹೇಳುದು ಸರಿಯೇ ಇರ್ಬಹುದು. ಆದ್ರೂ ಬೀಗ ಹಾಕಿದ್ದು ಒಳ್ಳೇದೇ ಆಯ್ತು" ಎಂದರು. ಡೊಂಬಯ್ಯನಿಗೆ ಮರುವಾರ ಬಸ್ಸು ಸಿಕ್ಕಿತು.

ಮೂರು ಬ್ಯಾಟರಿಗಳಿಗೂ ಅಲಿ ಕುಂಞಿ ಬೇರೆ ಪ್ಲೇಟು ಮಾಡಿ ಕೂರಿಸಿಕೊಟ್ಟ. ಹಳೆಯ ಜಾಲರಿಗಳನ್ನು ಬಿಸಾಡಲಿಲ್ಲ. ಮೇದಪ್ಪ ಗೌಡರ ಲೆಕ್ಕದ ಪ್ರಕಾರ ಒಂದು ಪಾಲು ಗಟ್ಟಿ ಸೀಸಕ್ಕೆ ಮೂರು ಪಾಲು ಮೆತ್ತನೆಯ ಸೀಸ ಸೇರಿಸಿ ಕರಗಿಸಿದಾಗ ಹದ ಸರಿಯಾಗಿ ಬಂತು. ಆಮೇಲೆ ಯಾರು ಎಂಥ ಸೀಸ ತಂದರೂ ಮೊದಲು ಒಂದು ಮೂಲೆಯನ್ನು ಬಗ್ಗಿಸಿ ನೋಡುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಡೊಂಬಯ್ಯ ಬರಲಿಲ್ಲ. ಬ್ಯಾಟರಿಗೆ ನೀರು ಹೊಯ್ಯಬೇಕಾದಾಗ ಕಂಡಕ್ಟರನನ್ನು ಕಳಿಸುತ್ತಿದ್ದ. ದಾರಿಯಲ್ಲಿ ಎದುರಾದರೆ ಹಾರ್ನ್ ಹೊಡೆಯುತ್ತಿದ್ದ, ನಿಲ್ಲಿಸುತ್ತಿರಲಿಲ್ಲ. ರಮಳಾನಿನ ಹಬ್ಬಕ್ಕೆ ನೆಬೀಸ ಎಂದಿನಂತೆ ಅವನ ಮನೆಗೆ ತಿಂಡಿ ಕಳಿಸಿದಳು. ಪಾತ್ರೆ ಮೂರು ದಿನದ ಮೇಲೆ ತೊಳೆದು ಬಂತು, ಖಾಲಿಯಾಗಿ ಅಲ್ಲ, ನಾಲ್ಕು ಹಲಸಿನ ಹಪ್ಪಳದ ಜೊತೆಗೆ. ಅದನ್ನು ಕಂಡ ಅಲಿ ಕುಂಞಿ ಆ ದಿನ ಹೊಟ್ಟೆ ತುಂಬ ಉಂಡ.

ಮುಂದಿನ ವರ್ಷ ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ದಮಯಂತಿ ಒಬ್ಬರೇ ಸುಳ್ಯದ ಬಸ್ಸು ಹತ್ತಿ ವಾರಿಜಾಕ್ಷಿ ಕೆಲಸ ಮಾಡುವ ಪ್ರೆಸ್ಸು ಹುಡುಕಿಕೊಂಡು ಹೋದರು. ವಾರಿಜಾಕ್ಷಿ ಮೊಳೆಯ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಕೈ ಒರೆಸಿಕೊಂಡು ಹೊರಗೆ ಬಂದಳು.

"ಅವರು ಕಳಿಸಿದ್ದಾ ಅಕ್ಕ?"

"ಅಲ್ಲ. ಅವರಿಗೆ ಗೊತ್ತಿಲ್ಲ."

ಬೆಂಚಿನ ಮೇಲೆ ಇಬ್ಬರೂ ಕೂತರು. ವಾರಿಜಾಕ್ಷಿ ಚಾ ತರಿಸಿದಳು.

"ಎರಡು ತಿಂಗಳು ನೀವು ದಿನಾ ನಮ್ಮ ಮನೆಯ ಎದುರಿನ ದಾರಿಯಲ್ಲೇ ದೇವಸ್ಥಾನಕ್ಕೆ ಹೋಗ್ತಿದ್ರಿ" ಎಂದಳು. "ನಾನು ಜಗಲಿಯಲ್ಲಿ ಬೀಡಿ ಕಟ್ತಾ ಇರ್ತಿದ್ದೆ. ಒಂದು ದಿನವೂ ಹೇಳ್ಬೇಕು ಅಂತ ಕಾಣ್ಲಿಲ್ವಾ?"

"ದಿನಾ ಕಂಡಿತ್ತು ಮಗಾ" ಎಂದರು ದಮಯಂತಿ. "ಅದಕ್ಕೇ ಬೇಗ ಬೇಗ ನಡೀತಿದ್ದೆ."

ವಾರಿಜಾಕ್ಷಿ ಚಾ ಮುಗಿಸಿ ಎದ್ದು, ಪುತ್ತೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿ, ಅದು ಬರುವ ತನಕ ಅವರ ಜೊತೆಗೆ ನಿಂತಿದ್ದಳು.